ನೆಗ್ಗು ಬಿದ್ದ ಸೇರು

ಮಗನ ಮದುವೆಗೆ ಎರಡೇ ದಿನ ಉಳಿದಿತ್ತು. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅತ್ತೆ ಬೆಳಗ್ಗೆಯೇ ಕೇಳಿದರು, "ಸೇರು ಎಲ್ಲೈತವ್ವ? ತಂದಿಡು, ಹುಣಸೆಹಣ್ಣು ಹಚ್ಚಿ ತಿಕ್ಕತೀನಿ."

ಅಕ್ಕಿ ತುಂಬಿ ಹೊಸ್ತಿಲ ಮೇಲಿಟ್ಟರೆ ಹೊಸ ಸೊಸೆ ಒದ್ದು ಒಳಗೆ ಬರುವ ಹಿತ್ತಾಳೆ ಸೇರು ಅದು. ಅತ್ತೆ ಅದನ್ನೇ ಒದ್ದು ಬಂದವರು, ನಾನೂ ಅದನ್ನೇ. ಅತ್ತೆ ತಮ್ಮ ಮದುವೆಯಲ್ಲಿ ಅದೆಷ್ಟು ಜೋರಾಗಿ ಒದ್ದರೆಂದರೆ ಸೇರು ಹೋಗಿ ಕಂಬದ ಕಲ್ಲಿಗೆ ಬಡಿದು ಅಂಚು ನೆಗ್ಗಿತ್ತು. ಇಡೀ ಬಳಗ ಅದನ್ನು ಇವತ್ತಿಗೂ ಆಡಿಕೊಳ್ಳುತ್ತದೆ.

"ಪಾಲಿಶಿಗೆ ಕೊಟ್ಟೀನ್ರಿ ಅತ್ತಿ," ಎಂದೆ.

ಶುದ್ಧ ಸುಳ್ಳು. ಯುಗಾದಿಯ ಮುಂಚೆ ಅಟ್ಟ ಖಾಲಿ ಮಾಡುವ ಹುಚ್ಚು ಹತ್ತಿ, ಹಳೇ ಹಿತ್ತಾಳೆಗೆ ಸ್ಟೀಲು ಕೊಡುವವನ ಗಾಡಿಗೆ ಅದನ್ನೂ ಹಾಕಿಬಿಟ್ಟಿದ್ದೆ. ಬಂದದ್ದು ಎರಡು ಡಬ್ಬಿ. ನನ್ನ ಬುದ್ಧಿಗೆ ಏನು ಬಡಿದಿತ್ತೋ! ಯಜಮಾನರಿಗೆ ಹೇಳಿದೆ. ಅವರು ಬೈಯಲಿಲ್ಲ, ಸುಮ್ಮನೆ ಕಾರಿನ ಕೀ ತೆಗೆದುಕೊಂಡರು. ಬೈದಿದ್ದರೇ ಚೆನ್ನಾಗಿತ್ತು.

ಗಾಡಿಯವನ ಮನೆ ಸಂಡೂರಿನಲ್ಲಿ. ಅದಿರಿನ ಲಾರಿಗಳ ಹಿಂದೆ ಕೆಂಧೂಳು ತಿನ್ನುತ್ತಾ ಹೋದೆವು. "ಹಂಪಿ ಅಂಗಡಿಯವ್ರು ಬೇಕಾದ್ದು ಆರಿಸ್ಕೊಂಡ್ರು ಅಕ್ಕಾರ. ಉಳಿದದ್ದು ಕರಗಿಸಾಕ ಹೋತು," ಎಂದ. ಕರಗದೆ ಉಳಿದಿರಲಿ ಎಂದು ಬೇಡಿಕೊಳ್ಳುತ್ತಾ ಕಾರನ್ನು ಹಂಪಿಯತ್ತ ತಿರುಗಿಸಿದೆವು.

ಹಂಪಿಯಲ್ಲಿ ಆಂಟಿಕ್ ಹುಡುಕುವವರ ಸೋಗು ಹಾಕಿದೆವು. ಅಂಗಡಿಯವನು ಹಳೆಯದಾಗಿ ಕಾಣಲೆಂದು ಉಪ್ಪುನೀರಿನಲ್ಲಿ ನೆನೆಸಿ ಹಸಿರು ಬರಿಸಿದ ದೀಪಗಳನ್ನು ತೋರಿಸುತ್ತಾ ಅರಸರ ಕಾಲದ್ದೆಂದು ಕೊರೆಯತೊಡಗಿದ. ತಾಳ್ಮೆ ಕೆಟ್ಟು, "ಅಂಚು ನೆಗ್ಗಿದ ಸೇರು ಬಂದಿತ್ತೋ ಇಲ್ಲೋ, ಅಷ್ಟು ಹೇಳಪ್ಪಾ!" ಎಂದು ಚೀರಿದೆ.

ಅವನು ನಕ್ಕ. "ಅದಾ? ನೆಗ್ಗು ನೋಡಿ ಫಾರಿನ್ ಮಂದಿ ಮುಟ್ಲಿಲ್ರಿ. ಕಂಪ್ಲಿ ಅಮ್ಮಾರೊಬ್ರು ಒಯ್ದ್ರು. ಅಕ್ಕಿ ಮಿಲ್ ಹಿಂದಿನ ಮನಿ."

ಕಂಪ್ಲಿಯ ಆ ಮನೆಯಾಕೆ "ಬರ್ರಿ, ಕುಂದ್ರಿ" ಎಂದು ನೀರು ಕೊಟ್ಟರು. ಸೇರು ದೇವರ ಗೂಡಿನಲ್ಲೇ ಇತ್ತು, ನೆಗ್ಗು ನಮ್ಮ ಕಡೆಗೇ ಮುಖ ಮಾಡಿಕೊಂಡು. ನಾನು ಅತ್ತೇಬಿಟ್ಟೆ. ಎಲ್ಲ ಹೇಳಿ, ಕೇಳಿದಷ್ಟು ಕೊಡುತ್ತೇನೆಂದು ಪರ್ಸಿಗೆ ಕೈ ಹಾಕಿದೆ.

"ರೊಕ್ಕ ತೋರಿಸಬ್ಯಾಡ್ರಿ," ಆಕೆಯ ದನಿ ಬಿಗಿಯಾಯಿತು. "ಹೋದ ತಿಂಗ್ಳು ನಮ್ ಸೊಸಿ ಇದನ್ನ ಒದ್ದು ಒಳಗ ಬಂದಾಳ. ಮನಿ ತುಂಬಿಸಿದ ಸೇರು ಮಾರಾಕ ಬರ್ತದೇನ್ರಿ?"

ನಾನು ಪರ್ಸು ಮುಚ್ಚಿದೆ. ಬಾಗಿಲ ಮರೆಯಲ್ಲಿದ್ದ ಆ ಸೊಸೆ ಹುಡುಗಿ ಬಂದು ತನ್ನ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಆಕೆ ಎದ್ದು ಗೂಡಿನಿಂದ ಸೇರು ತೆಗೆದು ನನ್ನ ಮಡಿಲಿಗಿಟ್ಟರು.

"ಮದುವಿಗೆ ಒಯ್ರಿ. ಖಾಲಿ ಮಾತ್ರ ತರಬ್ಯಾಡ್ರಿ, ತುಂಬಿಸಿ ತರ್ರಿ."

ಹೊಸಪೇಟೆಯವರೆಗೂ ಸೇರು ನನ್ನ ತೊಡೆಯ ಮೇಲಿತ್ತು. ಮದುವೆ ಮುಗಿಯುವತನಕ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆಮೇಲೆ? ಇನ್ನೊಂದು ಪಾಲಿಶಿನ ಕಥೆಯೇ? ಅತ್ತೆಯ ಮುಂದೆ ಸೇರು ಇಟ್ಟು, "ಇದು ಈಗ ನಮ್ದಲ್ರಿ ಅತ್ತಿ," ಎಂದೆ.

ಅವರು ಕೊನೆಯತನಕ ಕೇಳಿಸಿಕೊಂಡರು. "ಗಾಡಿಗೆ ಕೊಟ್ಟಿದ್ದಕ್ಕಲ್ಲ ನನಗ ಬ್ಯಾಸರ. ಸುಳ್ಳು ಹೇಳಿದ್ಯಲ್ಲ, ನಾ ಅಷ್ಟು ಕೆಟ್ಟಾಕೇನು?" ಎಂದರು. ಹುಣಸೆಹಣ್ಣು ತಂದು, ನನ್ನ ಕಡೆ ನೋಡದೆ ಸೇರು ತಿಕ್ಕತೊಡಗಿದರು.

ಮದುವೆಯ ದಿನ ನನ್ನ ಸೊಸೆ ಮೆತ್ತಗೆ ಒದ್ದು ಒಳಗೆ ಬಂದಳು. ಮಾರನೆಯ ದಿನ ಅತ್ತೆ ತಾವೇ ಸೇರಿಗೆ ಅಕ್ಕಿ ತುಂಬಿದರು, ತಾವೂ ಬರುವುದಾಗಿ ಹೇಳಿ ಕಾರು ಹತ್ತಿದರು. ಕಂಪ್ಲಿಯಲ್ಲಿ ಆ ಹುಡುಗಿ ಎರಡೂ ಕೈ ಚಾಚಿದಳು. ಅತ್ತೆ ಕೊಡುವ ಮೊದಲು ನೆಗ್ಗಿನ ಮೇಲೆ ಹೆಬ್ಬೆರಳು ಇಟ್ಟರು.

"ಇದಷ್ಟು ನಂದು," ಎಂದರು. "ಉಳಿದದ್ದೆಲ್ಲಾ ನಿಂದವ್ವ."