ಬೈದು ಮತ್ತೆ ಬರುವ ಗಿರಾಕಿಗಳು

ತೊಂಬತ್ತರ ದಶಕದಲ್ಲಿ ಕಲಬುರ್ಗಿಯಲ್ಲಿ ನನ್ನ ನೌಕರಿ ವಿಚಿತ್ರವಾದದ್ದು. ಹೊಸದಾಗಿ ಶುರುವಾದ ಸಣ್ಣ ಕಂಪನಿಗಳಲ್ಲಿ ಯಾವುದು ಬೆಳೆದೀತು ಎಂದು ಗುರುತಿಸಿ, ಅದಕ್ಕೆ ಬಂಡವಾಳ ಹಾಕಿ ಎಂದು ಬೆಂಗಳೂರಿನ ಮೇಲಧಿಕಾರಿಗೆ ಹೇಳಬೇಕು. ಆದರೆ ಬೆಳೆಯುವಂಥದ್ದೆಲ್ಲ ತಮ್ಮ ಆಫೀಸಿನ ಕಿಟಕಿಯಿಂದಲೇ ಕಾಣುತ್ತದೆ ಎಂದು ಅವರು ನಂಬಿದ್ದರು. ನಾನು ಫೋನಿನಲ್ಲಿ ಏನೇ ಹೇಳಲಿ, "ನೋಡೋಣಮ್ಮ" ಎಂಬುದೊಂದೇ ಉತ್ತರ. ಫೋನಿಟ್ಟು ಬಾಡಿಗೆ ಕೋಣೆಗೆ ಹೋದರೆ ಮಾತಾಡಲು ಗೋಡೆಗಳೇ ಗತಿ.

ನನ್ನದೊಂದು ಪರೀಕ್ಷೆಯಿತ್ತು. ಹೊಗಳುವ ಗಿರಾಕಿಯನ್ನು ನಾನು ನಂಬುತ್ತಿರಲಿಲ್ಲ. ಹೊಗಳುವವರು ಹೊಗಳಿ ಹೋಗಿಬಿಡುತ್ತಾರೆ. ಬೈದು, ಮುಂದಿನ ವಾರ ಮತ್ತೆ ಬರುವವರಿದ್ದರೆ ಆ ಧಂದೆ ಉಳಿಯುತ್ತದೆ. ಅಂಥವರು ನನಗೆ ಸಿಕ್ಕಿದ್ದು ಕಮಲಾಪುರದಲ್ಲಿ.

ಅಲ್ಲೊಬ್ಬ ವೆಲ್ಡರ್ ಮತ್ತು ಅವನ ಹೆಂಡತಿ ಸೇರಿ, ಕಪಾಟಿನಷ್ಟೇ ಗಾತ್ರದ, ತೊಗರಿ ಒಡೆಯುವ ಮಷೀನು ಮಾಡಿದ್ದರು. ದೊಡ್ಡ ಮಿಲ್ಲಿನವರು ಚೀಲಗಟ್ಟಲೆ ಇಲ್ಲದಿದ್ದರೆ ಮುಟ್ಟುವುದಿಲ್ಲ. ಇವರು ಸೇರು ತೊಗರಿ ತಂದರೂ ಬೇಳೆ ಮಾಡಿಕೊಡುತ್ತಿದ್ದರು. ಇಂಥ ಮಷೀನು ಮಾಡಿ ಊರೂರಿಗೆ ಮಾರಬೇಕೆಂಬುದು ಅವರ ಆಸೆ. ಮಹಾಗಾಂವದ ಹೆಂಗಸರು ಟೆಂಪೊ ಇಳಿದವರೇ ಕೂಗಾಡುತ್ತಿದ್ದರು: "ಎಲ್ಲಾ ನುಚ್ಚ ಮಾಡಿಟ್ಟೀರಲ್ರೀ, ಕೋಳಿಗಿ ಹಾಕ್ಲೇನು?" ಮುಂದಿನ ವಾರ ಅವರೇ ನೆಗೆಣ್ಣಿಯರನ್ನೂ ಕರೆತರುತ್ತಿದ್ದರು. ಭಾನುವಾರ ಆಫೀಸಿಲ್ಲದಿದ್ದರೂ ನಾನು ಹೋಗಿ ಚೀಲದ ಮೇಲೆ ಕೂತು ತೊಗರಿಯ ಧೂಳಿಗೆ ಸೀನುತ್ತಿದ್ದೆ. "ಆ ಕಡೆ ಸರೀಬೇ ಯವ್ವಾ" ಎಂದು ನನಗೂ ಬೈಗುಳ ಬೀಳುತ್ತಿತ್ತು. ಇಡೀ ವಾರದಲ್ಲಿ ಯಾರಾದರೂ ನನ್ನೊಡನೆ ಸಲಿಗೆಯಿಂದ ಮಾತಾಡಿದ್ದೆಂದರೆ ಅದೇ.

ಕಾಡಿ ಬೇಡಿ ಒಮ್ಮೆ ಮೇಲಧಿಕಾರಿಯನ್ನು ಕರೆಸಿದೆ. ಅವರು ಒಪ್ಪಿದರೆ ಕಂಪನಿ, ಇಲ್ಲವಾದರೆ ವೆಲ್ಡರ್ ಕಲಬುರ್ಗಿ ಪಕ್ಕದ ನಂದೂರಿನಲ್ಲಿ ಯಾವುದೋ ಮಿಲ್ಲಿಗೆ ಕೂಲಿ. ಕಮಲಾಪುರದಲ್ಲಿ ಜೀಪು ನಿಂತಿತು. ಸದ್ದೇ ಇಲ್ಲ. ಅಂಗಳಕ್ಕೆ ನೀರು ಹೊಡೆದಿದ್ದಾರೆ, ಮಷೀನಿಗೆ ಹೂವಿನ ಹಾರ ಹಾಕಿದ್ದಾರೆ, ಗಿರಾಕಿ ಒಬ್ಬರೂ ಇಲ್ಲ.

ವೆಲ್ಡರನನ್ನು ಪಕ್ಕಕ್ಕೆ ಕರೆದು, "ಮಂದಿ ಎಲ್ರೀ?" ಎಂದೆ.

"ನಾಳಿಗಿ ಬರ್ರಿ ಅಂತ ಕಳಸೀನ್ರಿ ಮೇಡಂ. ಮೆಹಮಾನ್ ಬಂದಾಗ ಅವ್ರ ಮ್ಯಾಲ ಧೂಳ ಹಾರಸೋದು ಚಂದ ಕಾಣ್ತದೇನ್ರಿ?"

ಮಷೀನು ಹಚ್ಚಲು ಹೇಳಿದೆ. ಒಡೆಯಲು ತೊಗರಿಯೇ ಇರಲಿಲ್ಲ. ಹೆಂಗಸರು ತಮ್ಮ ತಮ್ಮ ಗಂಟು ವಾಪಸ್ ಒಯ್ದಿದ್ದರು. ಮೇಲಧಿಕಾರಿ ಮಿರ್ಚಿ ಭಜಿ ತಿಂದರು, ಶಾಲು ಹೊದಿಸಿಕೊಂಡರು. ಜೀಪು ಹತ್ತಿದ ಮೇಲೆ "ಗಿರಾಕಿಗಳೇ ಇಲ್ಲವಲ್ಲಮ್ಮ" ಎಂದರು. ನಾಳೆ ಒಂದು ತಾಸು ನಿಂತು ನೋಡಿ ಎಂದು ಗೋಗರೆದೆ. ಅವರಿಗೆ ಅಂದೇ ಸಂಜೆ ರೈಲಿತ್ತು. ಅವರ ಮೇಲೆ ಬಂದ ಸಿಟ್ಟಿಗಿಂತ ಆ ಹಾಳು ಮರ್ಯಾದೆಯ ಮೇಲೆ ಬಂದ ಸಿಟ್ಟೇ ಹೆಚ್ಚು.

ಮುಂದಿನ ಭಾನುವಾರ ಮತ್ತೆ ಹೋದೆ. ವೆಲ್ಡರ್ ಆಗಲೇ ಮಿಲ್ಲಿನ ಕೆಲಸಕ್ಕೆ ಹತ್ತಿದ್ದ. ಮಷೀನು ನಿಂತಿತ್ತು, ಅವನ ಹೆಂಡತಿ ಒಬ್ಬಳೇ ಇದ್ದಳು. ಚಹಾ ಕೊಟ್ಟು, ನನ್ನ ಚೀಲದಲ್ಲಿ ಬೇಳೆ ತುಂಬಿದಳು.

"ನಮ್ಮ ಸಲುವಾಗಿ ಭಾಳ ತ್ರಾಸ ತಗೊಂಡ್ರಿ ಮೇಡಂ. ಇನ್ನ ಇಷ್ಟ ದೂರ ಬರೂದು ಬ್ಯಾಡ್ರಿ. ಐತವಾರ ಒಂದಿನರೆ ಮನ್ಯಾಗಿನ ಮಂದಿ ಜೋಡಿ ಇರ್ರಿ" ಎಂದಳು.

ನಾನು "ಹೌದ್ರಿ" ಎಂದು ಬಸ್ ಹತ್ತಿದೆ.