ಒಲೆ ಹಚ್ಚದ ದಿನ

ಅಡುಗೆಮನೆ ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮ ಕಡೆ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂತರೆ ಸಾಕು, ಹೊಸ್ತಿಲು ದಾಟಿ ಬಂದವರು ಯಾರಾದರೂ ಸರಿ, ರೊಟ್ಟಿ ಬಡಿಯಲಿಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಬರುವುದಿಲ್ಲ, ಕಲಿಯುವುದೂ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆ. ಅವ್ವ ಒಳಗಿನಿಂದಲೇ ಕೇಳಿಸಿಕೊಂಡು ನಗುತ್ತಿದ್ದಳು. ಅವಳನ್ನು ಶಾಲೆ ಬಿಡಿಸಿ ಒಲೆಯ ಮುಂದೆ ಕೂರಿಸಿದ್ದರಂತೆ. ನನ್ನನ್ನು ಮಾತ್ರ ಅವಳು ಒಂದು ದಿನವೂ ಅಲ್ಲಿ ಕೂರಲು ಬಿಡಲಿಲ್ಲ.

ನಮ್ಮ ಊರು ಕೋಗಳಿಯ ಹತ್ತಿರ. ಒಂದಿಷ್ಟು ಹೊಲ, ಒಂದಿಷ್ಟು ಕುರಿ. ಕೊಟ್ಟೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬಂದು ಓದಿದೆ, ಆಮೇಲೆ ಧಾರವಾಡ, ಅಲ್ಲಿಂದ ವಿದ್ಯಾರ್ಥಿವೇತನ ಸಿಕ್ಕಿ ಮಣ್ಣಿನ ವಿಜ್ಞಾನ ಓದಲು ಜರ್ಮನಿ. ಮಣ್ಣು ಓದಲಿಕ್ಕೆ ಅಷ್ಟು ದೂರ ಹೋಗಬೇಕೇ, ನಮ್ಮ ಹೊಲದಲ್ಲೇ ಬೇಕಾದಷ್ಟಿದೆಯಲ್ಲ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಅದು ಅವನು ಹೆಮ್ಮೆ ಪಡುವ ರೀತಿ.

ಹೊರಡುವ ಮೊದಲು ಅವ್ವ ದಿನಗಟ್ಟಲೆ ರೊಟ್ಟಿ ಬಡಿದಳು. ಬೆಂದ ಜೋಳದ ರೊಟ್ಟಿಯನ್ನು ಒಲೆಯ ಪಕ್ಕ ಒರಗಿಸಿ ಗರಿಗರಿ ಒಣಗಿಸಿದರೆ ಕಡಕ್ ರೊಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಅಪ್ಪನ ಹಳೆಯ ಪಂಚೆ ಹರಿದು, ಅದರಲ್ಲಿ ಸುತ್ತಿ, ದೊಡ್ಡ ಡಬ್ಬಿಯೊಂದರಲ್ಲಿ ತುಂಬಿದಳು. ಜೊತೆಗೆ ಶೇಂಗಾ ಚಟ್ನಿಪುಡಿ. ಪೆಟ್ಟಿಗೆ ಮುಚ್ಚಲು ಬರುತ್ತಿಲ್ಲ, ನನ್ನ ಸ್ವೆಟರ್ ಎಲ್ಲಿ ಇಡಲಿ ಎಂದು ನಾನು ರೇಗಿದೆ. ಅವಳು ಸ್ವೆಟರ್ ತೆಗೆದು ನನ್ನ ಹೆಗಲ ಮೇಲೆ ಹಾಕಿದಳು.

ಅಲ್ಲಿಯ ಹಾಸ್ಟೆಲಿನಲ್ಲಿ ಒಂದು ಮಹಡಿಗೆ ಒಂದೇ ಅಡುಗೆಮನೆ. ಮೊದಲು ಒಂದಷ್ಟು ದಿನ ಬ್ರೆಡ್ಡು, ಅವ್ವನ ರೊಟ್ಟಿ, ಮತ್ತೆ ಬ್ರೆಡ್ಡು. ಚಳಿ ಬಿದ್ದ ಮೇಲೆ ಬಿಸಿಯಾದ ಸಾರಿಗೆ ಜೀವ ಬಾಯಿಬಿಟ್ಟಿತು. ಇಡೀ ಜನ್ಮ ಬೇಡ ಎಂದವಳು ಒಂದು ಸಂಜೆ ನಾಚಿಕೆ ಬಿಟ್ಟು ಫೋನ್ ಮಾಡಿ, ಸಾರು ಹೇಗೆ ಮಾಡುವುದು ಎಂದು ಕೇಳಿದೆ. ಅವ್ವ ನಕ್ಕ ನಗೆಗೆ ಪಕ್ಕದ ಮನೆಯವರೂ ಬಂದಿರಬೇಕು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟೆ ನೋಡಿ, ಹೊಗೆ ಕಂಡರೆ ಕೂಗುವ ಯಂತ್ರ ಬೊಬ್ಬೆ ಹೊಡೆದು, ಇಡೀ ಕಟ್ಟಡದ ಹುಡುಗ ಹುಡುಗಿಯರು ತೊಟ್ಟ ಬಟ್ಟೆಯಲ್ಲೇ ಕೆಳಗಿಳಿದು ಚಳಿಯಲ್ಲಿ ನಿಂತರು. ಸಾರು ಮಾತ್ರ ಚೆನ್ನಾಗಿತ್ತು.

ರೊಟ್ಟಿಗೆ ತಿಂಗಳುಗಳೇ ಹಿಡಿದವು. ದೂರದ ನಗರದ ಅಂಗಡಿಯೊಂದರಿಂದ ಜೋಳದ ಹಿಟ್ಟು ತಂದೆ. ವಿಡಿಯೋದಲ್ಲಿ ಅವ್ವನಿಗೆ ಒಲೆ ತೋರಿಸಿದೆ. ಗಾಜಿನ ಹಾಸು, ಗುಂಡಿ ತಿರುಗಿಸಿದರೆ ಕೆಂಪಗಾಗುವುದಷ್ಟೇ.

"ಉರಿನ ಇಲ್ಲಲ್ಲೇ, ಇದು ಒಲಿ ಹೆಂಗಾಗತೈತಿ?" ಎಂದಳು.

ಎಸರು ಕುದಿಸಿ ಹಿಟ್ಟಿಗೆ ಹಾಕಿ ನಾದಿ ಬಡಿದರೆ, ತವೆಗೆ ಎತ್ತುವಷ್ಟರಲ್ಲಿ ಹೋಳುಹೋಳು. ಕೆಟ್ಟ ಸಿಟ್ಟು ಬಂದು ಹಿಟ್ಟನ್ನು ಕಸದ ಬುಟ್ಟಿಗೆ ಎಸೆದದ್ದೂ ಉಂಟು. ಅವ್ವ ಬೈಯುತ್ತಿರಲಿಲ್ಲ. ನಾಳೆ ಇನ್ನೊಂದೀಟು ಬಿಸಿ ಎಸರು ಹಾಕು ಎನ್ನುತ್ತಿದ್ದಳು, ಅಷ್ಟೆ. ಕೊನೆಗೆ ಒಂದು ರೊಟ್ಟಿ ತವೆಯ ಮೇಲೆ ಉಬ್ಬಿತು. ನಾನು ಫೋನನ್ನು ಅದರ ಮೂತಿಗೇ ಹಿಡಿದೆ. ಆಚೆ ಅವ್ವ ಅಪ್ಪನನ್ನು ಕೂಗಿ ಕರೆಯುತ್ತಿದ್ದಳು.

ಆಮೇಲೆ ನನಗೆ ಕೊಂಬು ಬಂದವು. ದಿನಾ ಬಿಸಿ ರೊಟ್ಟಿ. ಅವ್ವ ಕಟ್ಟಿಕೊಟ್ಟ ಡಬ್ಬಿ ಮಂಚದ ಕೆಳಗೆ ಹೋಯಿತು. ಅವು ತೀರಿದವೇ ಎಂದು ಅವಳು ಕೇಳಿದಾಗ, ಇನ್ನೂ ಅರ್ಧ ಇವೆ, ಈಗ ನನ್ನವೇ ಚೆನ್ನಾಗಿ ಬರುತ್ತವೆ ಎಂದು ಜಂಬ ಕೊಚ್ಚಿದೆ.

"ಇರ್ಲಿ ಬಿಡು, ಕೆಡಂಗಿಲ್ಲ ಅವು," ಎಂದಳು. "ಮಾಡ್ಕೊಳಾಕ ಆಗದ ದಿನ ಬೇಕಾಗತಾವ."

ಒಂದು ಸಲ ಎಷ್ಟು ಫೋನ್ ಮಾಡಿದರೂ ಅವಳು ಎತ್ತಲಿಲ್ಲ. ಆಮೇಲೆ ತಾನೇ ಮಾಡಿ, ಓಣಿಯಲ್ಲಿ ಸಾವಾಗಿತ್ತು, ಬುತ್ತಿ ಒಯ್ದಿದ್ದೆ ಎಂದಳು. ನಮ್ಮಲ್ಲಿ ಸಾವಾದ ಮನೆಯವರು ಒಲೆ ಹಚ್ಚುವುದಿಲ್ಲ. ಮಾಡಿಟ್ಟ ಅಡುಗೆಯನ್ನೂ ಹೊರಗೆ ಚೆಲ್ಲುತ್ತಾರೆ. ಮಣ್ಣು ಮುಗಿಸಿ ಬಂದ ಮೇಲೆ ಬೇರೆ ಮನೆಯವರು ಬುತ್ತಿ ತರಬೇಕು, ಉಣ್ಣಿಸಬೇಕು. ಊರಲ್ಲಿ ಯಾರು ಸತ್ತರೂ ಮೊದಲು ಹೋಗುವ ಬುತ್ತಿ ನಮ್ಮವ್ವನದೇ. ಚಿಕ್ಕವಳಿದ್ದಾಗ ಮಜ್ಜಿಗೆಯ ಚೊಂಬು ಹಿಡಿದು ಅವಳ ಹಿಂದೆ ಹೋಗುತ್ತಿದ್ದೆ. ಗೋಡೆಗೆ ಒರಗಿ ಕೂತವರ ಮುಂದೆ ಅವಳು ಕುಕ್ಕರುಗಾಲಲ್ಲಿ ಕೂತು, ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಯ ತನಕ ಒಯ್ಯುತ್ತಿದ್ದಳು. ಬೇಡ ಎಂದು ಮುಖ ತಿರುಗಿಸಿದವರಿಗೆ ಹೇಳುವುದು ಒಂದೇ ಮಾತು.

"ಉಣ್ಣವ್ವಾ, ಅಳಾಕಾದ್ರೂ ತ್ರಾಣ ಬೇಕಲ್ಲ."

ಈಸ್ಟರ್ ರಜೆ. ಮಹಡಿಯ ಎಲ್ಲರೂ ಅವರವರ ಊರಿಗೆ ಹೋಗಿದ್ದರು. ಬೆಳಿಗ್ಗೆ ನಾನು ಹಿಟ್ಟು ಜರಡಿ ಹಿಡಿಯುತ್ತಿರುವಾಗ ಅಣ್ಣನ ಫೋನ್ ಬಂತು. ಅವ್ವ ಬೇವಿನ ಮರದ ನೆರಳಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳಂತೆ. ಪಕ್ಕದಲ್ಲಿದ್ದವರೊಂದಿಗೆ ಮಾತಾಡುತ್ತಲೇ ವಾಲಿದಳಂತೆ. ಹಗರಿಬೊಮ್ಮನಹಳ್ಳಿಯ ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು.

"ಅವ್ವ ಹೋದ್ಲು," ಎಂದ ಅಣ್ಣ. "ಬಿಸಿಲು ಭಾಳ ಐತಿ, ನೀ ಬರೋತನಕ ಇಡಾಕ ಆಗಂಗಿಲ್ಲ. ಸಿಟ್ಟಾಗಬ್ಯಾಡ."

ಯಾರ ಮೇಲೆ ಸಿಟ್ಟಾಗುವುದು? ಮರುದಿನಕ್ಕೆ ವಿಮಾನದ ಟಿಕೆಟ್ ಸಿಕ್ಕಿತು. ಊರಿನಲ್ಲಿ ಹೊತ್ತು ಇಳಿಯುವ ಮುಂಚೆ, ನನಗಿನ್ನೂ ಮಧ್ಯಾಹ್ನ, ಅಣ್ಣನ ಗೆಳೆಯನೊಬ್ಬ ಫೋನ್ ಎತ್ತಿ ಹಿಡಿದು ಮಣ್ಣು ಮಾಡುವುದನ್ನು ವಿಡಿಯೋದಲ್ಲಿ ತೋರಿಸಿದ. ಜನರ ಹೆಗಲು ಕಂಡವು, ಅಪ್ಪನ ರುಮಾಲು ಕಂಡಿತು, ಅವ್ವನ ಮುಖ ಒಂದು ಗಳಿಗೆ ಕಂಡು ಹೋಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಣ್ಣು ಓದಲು ಬಂದ ನನ್ನಿಂದ ಅವಳಿಗೆ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲ.

ಫೋನ್ ಕಟ್ಟಾದ ಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಎದ್ದು ಫ್ರಿಜ್ಜಿನಲ್ಲಿದ್ದ ಹಿಂದಿನ ದಿನದ ಸಾರನ್ನು ಚೆಲ್ಲಿದೆ. ಅನ್ನ ಚೆಲ್ಲಿದೆ. ಜರಡಿಯಲ್ಲಿ ಉಳಿದಿದ್ದ ಹಿಟ್ಟನ್ನೂ ಬಿಡಲಿಲ್ಲ. ಕಷ್ಟಪಟ್ಟು ಕಲಿತ ಅಡುಗೆಯೆಲ್ಲ ಮೋರಿಗೆ ಹೋಯಿತು. ಊರಿನಲ್ಲಿದ್ದರೆ ಮಾಡುವ ನೂರು ಕೆಲಸಗಳಲ್ಲಿ ನನ್ನ ಕೈಗೆ ಎಟುಕಿದ್ದು ಇದೊಂದೇ, ಇವತ್ತು ಒಲೆ ಹಚ್ಚದೆ ಇರುವುದು. ಇದನ್ನಾದರೂ ಮಾಡುತ್ತೇನೆ ಎಂದು ಹಟ ಹಿಡಿದು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತೆ.

ಎಷ್ಟೋ ಹೊತ್ತಿನ ಮೇಲೆ ಹೊಟ್ಟೆ ಹಸಿಯಿತು. ಅದರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಥೂ, ಅವ್ವ ಸತ್ತ ದಿನವೂ ಹಸಿಯುವ ಹೊಟ್ಟೆ! ಊರಿನ ಮನೆಯಲ್ಲಿ ಇಷ್ಟರಲ್ಲಿ ಅಪ್ಪನ ಮುಂದೆ, ಅಣ್ಣನ ಮುಂದೆ ಯಾರೋ ಬುತ್ತಿ ಬಿಚ್ಚಿರುತ್ತಾರೆ. ಇಲ್ಲಿ ಬಾಗಿಲು ಬಡಿಯುವವರಿಲ್ಲ. ಇದ್ದಿದ್ದರೂ ಅವರಿಗೆ ಹೇಳುವುದೇನು, ನನ್ನ ಮನೆಯಲ್ಲಿ ಸಾವಾಗಿದೆ, ನೀವು ಉಣ್ಣಲು ತರಬೇಕು ಎಂದು ಹೇಳಿಕೊಟ್ಟು ತರಿಸಿಕೊಳ್ಳುವುದೇ? ರಜೆಗೆ ಅಂಗಡಿಗಳೆಲ್ಲ ಮುಚ್ಚಿದ್ದವು.

ಒಲೆಯ ಕಡೆ ನೋಡಿದೆ. ಉರಿಯೇ ಇಲ್ಲದ ಒಲೆ. ಗುಂಡಿ ತಿರುಗಿಸಿ ಒಂದು ಲೋಟ ಚಹಾ ಕಾಯಿಸಿದರೆ ಅದು ಒಲೆ ಹಚ್ಚಿದ ಹಾಗಾಗುತ್ತದೋ ಇಲ್ಲವೋ? ಎಸರಿಗೆ, ಉಪ್ಪಿಗೆ, ಒಗ್ಗರಣೆಗೆ, ಯಾವ ಅನುಮಾನ ಬಂದರೂ ಕೇಳುವವಳು ಒಬ್ಬಳೇ ಇದ್ದಳು. ಕೈ ತನ್ನಷ್ಟಕ್ಕೆ ಫೋನ್ ಎತ್ತಿ ಅವಳ ನಂಬರ್ ಒತ್ತಿಬಿಟ್ಟಿತ್ತು. ಆ ಕಡೆ ರಿಂಗಾಯಿತು. ಗಾಬರಿಯಾಗಿ ಕಟ್ ಮಾಡಿದೆ. ಆಗ ಅತ್ತೆ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಅಳು ನಿಂತ ಮೇಲೆ ಪ್ರಯಾಣಕ್ಕೆ ಪೆಟ್ಟಿಗೆ ತೆಗೆಯಬೇಕೆಂದು ಕೋಣೆಗೆ ಹೋದೆ. ಮಂಚದ ಕೆಳಗೆ ಬಗ್ಗಿ ಎಳೆದರೆ ಪೆಟ್ಟಿಗೆಯ ಜೊತೆಗೆ ಡಬ್ಬಿಯೂ ಬಂತು.

ಪಂಚೆಯ ತುಂಡಿನಿಂದ ಇನ್ನೂ ಹೊಗೆಯ ವಾಸನೆ ಬರುತ್ತಿತ್ತು. ಮೇಲಿನ ರೊಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಬಡಿದ ಬೆರಳುಗಳ ಗುರುತು ಅಂಚಿನ ಸುತ್ತ ಹಾಗೇ ಒಣಗಿ ಉಳಿದಿದ್ದವು. ನನ್ನ ಬೆರಳುಗಳನ್ನು ಅವುಗಳ ಮೇಲಿಟ್ಟೆ. ಅವ್ವನ ಬೆರಳು ನನ್ನವಕ್ಕಿಂತ ದಪ್ಪ.

ನೆಲದ ಮೇಲೆ ಕೂತು ರೊಟ್ಟಿ ಮುರಿದೆ. ಶೇಂಗಾ ಚಟ್ನಿ ಹಚ್ಚಿದೆ. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ. ಅಳಲಿಕ್ಕಾದರೂ ತ್ರಾಣ ಬೇಕಲ್ಲ. ಊರಲ್ಲಿ ಯಾರು ಸತ್ತರೂ ಎಲ್ಲರಿಗಿಂತ ಮೊದಲು ಅವ್ವನ ಬುತ್ತಿ ಬರುತ್ತಿತ್ತು. ಈ ಸಲವೂ ಅವಳದೇ ಬಂದಿತ್ತು. ಒಂದು ಚೂರೂ ಬಿಡದೆ ಉಂಡೆ.