ಅಕ್ಕ ರೆಕಾರ್ಡಿಂಗ್ ನಿಲ್ಲಿಸಲಿಲ್ಲ

ನಮ್ಮಕ್ಕನಿಗೆ ಸಂಗೀತದ ಗಂಧಗಾಳಿ ಇಲ್ಲ. ತಾಳ ತಪ್ಪಿದ್ದು ಅವಳಿಗೆ ತಿಳಿಯಬೇಕಾದರೆ ಡ್ರಮ್ಮೇ ಕಾಲ ಮೇಲೆ ಬೀಳಬೇಕು. ಆದರೂ ನನ್ನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ಅವಳೇ. ಮೂವತ್ತು ವರ್ಷ ಬಟ್ಟೆ ಹೊಲಿದು, ಅಂಗಡಿ ಮುಚ್ಚಿದ ಮೇಲೆ ಬಂದು, "ಸುಮ್ನೆ ಕೂತ್ರೆ ತಲೆ ಕೆಡತ್ತೆ, ಏನಾದ್ರೂ ಕೆಲಸ ಕೊಡೋ" ಅಂದಳು. ಫೋನ್ ಎತ್ತಿಕೊಂಡಿರಲಿ ಅಂತ ಕೂರಿಸಿದೆ. ಆರು ತಿಂಗಳಲ್ಲಿ ನನ್ನನ್ನೇ ಕುರ್ಚಿಯಿಂದ ಎಬ್ಬಿಸಿದಳು.

ಹೊಲಿಗೆಯ ಬುದ್ಧಿಯನ್ನೇ ಅವಳು ಸಾಫ್ಟ್‌ವೇರಿಗೂ ತಂದಳು. ಹಿಂದೆ ಅಳತೆಯ ಕಾಗದ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಳಲ್ಲ, ಹಾಗೆ ಒಂದೊಂದು ಬಗೆಯ ಕೆಲಸಕ್ಕೂ ಒಂದೊಂದು ಟೆಂಪ್ಲೇಟ್. ತೆರೆದರೆ ಸಾಕು, ಟ್ರ್ಯಾಕುಗಳು ಹೆಸರು ಹೊತ್ತು ಸಿದ್ಧ, ದನಿಗೆ ಕೆಂಪು, ವಾದ್ಯಕ್ಕೆ ಹಸಿರು. ನಾನೋ, 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಅಂತ ಹೆಸರಿಟ್ಟು ಆಮೇಲೆ ತಲೆ ಚಚ್ಚಿಕೊಳ್ಳುವ ಗಿರಾಕಿ. ನಾನು ಮೌಸ್ ಹಿಡಿದು ಮೆನು ಹುಡುಕುವಷ್ಟರಲ್ಲಿ ಅವಳ ಎಡಗೈ ಕೀಬೋರ್ಡಿನಲ್ಲೇ ನಾಲ್ಕು ಕಡೆ ಕತ್ತರಿಸಿ, ಜೋಡಿಸಿ, ಸೇವ್ ಮಾಡಿ ಮುಗಿಸಿರುತ್ತದೆ. ಆದರೆ ಮೂಲ ರೆಕಾರ್ಡಿಂಗಿಗೆ ಮಾತ್ರ ಕತ್ತರಿ ತಾಗಿಸುವುದಿಲ್ಲ. ನಕಲು ತೆಗೆದು, ಹೊಸ ನಂಬರು ಕೊಟ್ಟೇ ಕೈ ಹಾಕುವುದು. "ತಪ್ಪು ಕತ್ತರಿಸಿದ ಬಟ್ಟೆ ಇಟ್ಕೊಂಡು ಗಿರಾಕಿ ಮುಂದೆ ನಿಂತು ನೋಡು, ಗೊತ್ತಾಗತ್ತೆ" ಅನ್ನುತ್ತಾಳೆ.

ಒಂದು ಬೆಳಿಗ್ಗೆ ಶಾಲೆಯ ಟೀಚರೊಬ್ಬರು ಬಂದರು. ಜೊತೆಗೆ ಗಂಡ, ಗಾರೆ ಕೆಲಸದವರು. ಟೀಚರ್ ಗಂಟಲಲ್ಲಿ ಗೆಡ್ಡೆ. ಮರುದಿನ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಆಮೇಲೆ ಫೋನಿನಲ್ಲಿ ಒತ್ತಿದರೆ ತಮ್ಮದೇ ದನಿಯಲ್ಲಿ ಮಾತು ಬರಲಿ ಅಂತ ಇನ್ನೂರ ನಲವತ್ತು ವಾಕ್ಯ ಬರೆದು ತಂದಿದ್ದರು. 'ನೀರು ಕೊಡಿ', 'ನನಗೆ ಸಾಕು', 'ಮೊದಲು ಹೋಮ್‌ವರ್ಕ್ ಮುಗಿಸು', ಎಲ್ಲ ದುಂಡಗಿನ ಅಕ್ಷರದಲ್ಲಿ. "ಅರ್ಧ ಗಂಟೆ ಮಾತಾಡಿದ್ರೆ ಗಂಟಲು ಕಟ್ಟಿಹೋಗತ್ತೆ. ಅಷ್ಟರಲ್ಲಿ ಆಗತ್ತಾ?" ಅಂದರು.

ನಾನಾಗಿದ್ದರೆ ವಾಕ್ಯಕ್ಕೊಮ್ಮೆ ನಿಲ್ಲಿಸಿ, ಹೆಸರು ಕೊಟ್ಟು, ಮತ್ತೆ ಶುರು ಮಾಡಿ, ಐವತ್ತು ದಾಟುವಷ್ಟರಲ್ಲಿ ಅವರ ದನಿ ಮುಗಿದಿರುತ್ತಿತ್ತು. ಅಕ್ಕನೋ, ಟೀಚರ್ ಮೈಕ್ ಮುಂದೆ ಕೂರುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿದಳು. ಆಮೇಲೆ ನಿಲ್ಲಿಸಲೇ ಇಲ್ಲ. ವಾಕ್ಯ ಚೆನ್ನಾಗಿ ಬಂದರೆ ಒಂದು ಕೀ ಒತ್ತುವಳು, ಪರದೆಯ ಮೇಲೆ ಗುರುತು ಬೀಳುವುದು, ಅಷ್ಟೇ. ನಡುವಿನ ಕೆಮ್ಮು, ನಗು, ಗೊಣಗಾಟ ಎಲ್ಲವೂ ಸೇರಿಕೊಳ್ಳುತ್ತಾ ಹೋಯಿತು.

"ಈ ಕಸ ಎಲ್ಲ ಯಾಕೆ ತುಂಬ್ಕೋತೀಯಾ? ಮಧ್ಯೆ ನಿಲ್ಸೇ!" ಅಂತ ರೇಗಿದೆ.

"ಬಾಯಿ ಮುಚ್ಚೋ" ಅಂದಳು, ತಿರುಗಿಯೂ ನೋಡದೆ.

ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಕೊನೆಯ ವಾಕ್ಯ ಮುಗಿಯಿತು. ಅಬ್ಬಾ ಅಂತ ನಾನೇ ಬೆವರು ಒರೆಸಿಕೊಂಡೆ. ಟೀಚರ್ ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಬರೀ ಗಾಳಿ.

ಗಂಡ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಕೊನೆವರೆಗೂ ಓದಿದರು. "ಎಲ್ಲಾ ಇದೆ ಕಣೇ. ನನ್ನ ಕರೆಯೋದು ಒಂದಿಲ್ವಲ್ಲ" ಅಂದರು.

ಟೀಚರ್ ಮುಖ ಬಿಳಿಚಿಕೊಂಡಿತು. ಇಪ್ಪತ್ತೆರಡು ವರ್ಷ, ದಿನಕ್ಕೆ ನೂರು ಸಲ ಕರೆದ 'ರೀ'. ಅದನ್ನೂ ಬರೆದುಕೊಳ್ಳಬೇಕು ಅಂತ ಯಾವ ಹೆಂಡತಿಗೆ ತಾನೇ ಹೊಳೆಯುತ್ತೆ? ಮತ್ತೆ ಮೈಕಿನ ಹತ್ತಿರ ಓಡಿದರು. ಕತ್ತಿನ ನರ ಉಬ್ಬಿತು, ಸ್ವರ ಹೊರಡಲಿಲ್ಲ. ಎರಡನೇ ಸಲವೂ ಇಲ್ಲ. ಕಣ್ಣಲ್ಲಿ ನೀರು ದಳದಳ ಇಳಿಯಿತು. "ಹೋಗ್ಲಿ ಬಿಡೇ, ಘಳಿಗೆಗೊಂದ್ಸಲ ನಾನೇ ಬಂದು ನೋಡ್ಕೊಂಡು ಹೋಗ್ತೀನಿ" ಅಂದು ಗಂಡ ಮುಖ ತೊಳೆಯುವ ನೆಪದಲ್ಲಿ ಹೊರಗಿನ ನಲ್ಲಿಯತ್ತ ನಡೆದರು.

ಅಕ್ಕ ಕಂಪ್ಯೂಟರಿನತ್ತ ತಿರುಗಿದಳು. ಗುರುತಿಲ್ಲದ ಜಾಗಗಳನ್ನಷ್ಟೇ ಆರಿಸಿ ಹೊಸ ಟ್ರ್ಯಾಕಿಗೆ ಸುರಿದಳು. ಕೆಮ್ಮು ದಾಟಿದಳು, ನಗು ದಾಟಿದಳು. ಒಂದು ಕಡೆ ನಿಂತಳು. ಗಾಜಿನಾಚೆ ಚಡಪಡಿಸುತ್ತಿದ್ದ ಗಂಡನಿಗೆ ಟೀಚರ್ ಗದರಿದ್ದು ಸಿಕ್ಕಿತು: "ರೀ... ಒಂದ್ಕಡೆ ಕೂತ್ಕೋಬಾರ್ದಾ?" ಅಕ್ಕ ಅದರ ಮೊದಲಕ್ಷರವನ್ನು, ಹಿಂದಿನ ಉಸಿರೂ ಕೆಡದ ಹಾಗೆ, ಬಿಡಿಸಿ ತೆಗೆದಳು. ಇಷ್ಟು ವರ್ಷ ಸಂಗೀತ ಸಂಗೀತ ಅಂತ ಮೆರೆದವನು ನಾನು, ಆ ಹೊಲಿಗೆಯವಳ ಬೆರಳು ನೋಡುತ್ತಾ ಬೆಪ್ಪನಂತೆ ನಿಂತುಬಿಟ್ಟೆ. ಕೈ ಮುಗಿಯಬೇಕು ಅನ್ನಿಸಿತು, ಸುಳ್ಳು ಹೇಳಲ್ಲ.

ಅದನ್ನು ಟೀಚರ್ ಫೋನಿಗೆ ಹಾಕಿ, ಫೋನನ್ನು ಅವರ ಕೈಗಿಟ್ಟಳು. ಟೀಚರ್ ಒತ್ತಿದರು.

"ರೀ..."

"ಬಂದೆ, ಬಂದೆ" ಅಂತ ಹೊರಗಿಂದ ದನಿ. ಒದ್ದೆ ಮುಖದಲ್ಲೇ ಒಳಗೆ ಬಂದ ಗಂಡ, ಹೆಂಡತಿಯ ಮುಚ್ಚಿದ ತುಟಿ ನೋಡಿ ಬಾಗಿಲಲ್ಲೇ ನಿಂತರು. ಟೀಚರ್ ಮತ್ತೊಮ್ಮೆ ಒತ್ತಿದರು.

"ಇಲ್ಲೇ ಇದೀನಲ್ಲೇ" ಅಂದರು ಅವರು.